ಮೀನಿನ ಬೆಳವಣಿಗೆಯೂ ಕಡಲಿನ ಹವೆಯೂ
(ಮಹೋತ್ಸವದ ವ್ಯಾಖ್ಯಾನಮಾಲೆಯಲ್ಲಿ ಮಾಡಿದ ಉಪನ್ಯಾಸ)

 

ಈ ವ್ಯಾಖ್ಯಾನಮಾಲೆಯಲ್ಲಿ ಪ್ರಕೃತಿಶಾಸ್ತ್ರಕ್ಕೆ ಸಂಬಂಧಿಸಿದ ಯಾವುದಾದರೊಂದು ವಿಷಯವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ನನಗೆ ಅಪ್ಪಣೆಯಾಯಿತು. ನಾನು ಆರಿಸಿಕೊಂಡದ್ದು ಮೀನಿನ ಬೆಳವಣಿಗೆಯ ವಿಷಯ. ಮಠದ ಸಭೆಯಲ್ಲಿ ಮೀನಿನ ಹೆಸರು ಕೇಳಿ ಕೆಲವರು ಹುಬ್ಬೇರಿಸಿದುದನ್ನು ನಾನು ಇಲ್ಲಿಂದಲೇ ಕಂಡೆನು. ಅದನ್ನು ಉಣ್ಣುವ ಮಾತು ಇಲ್ಲಿ ಬರುವುದಿಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಆದರೆ ಅದನ್ನು ಹಿಡಿದು ಬಾಳುವ ಜನರ ಮಾತು ಬಂದೇ ಬರುತ್ತದೆ; ಅದೇಕೆಂದರೆ ನಾನು ಹೇಳಲಿರುವ ಲೆಕ್ಕವು ತಪ್ಪಿದರೆ ಅದರ ಪೆಟ್ಟು ಬೀಳುವುದು ಅವರ ಒಲೆಯ ಮೇಲೆಯೇ.

ಮೀನು ಶೀತರಕ್ತದ ಪ್ರಾಣಿ. ಅದರ ಮೈಯ ಬಿಸಿಯು ಸುತ್ತಲಿನ ನೀರಿನ ಬಿಸಿಯೊಡನೆ ಏರಿಳಿಯುತ್ತದೆ. ನೀರು ಬೆಚ್ಚಗಾದರೆ ಅದರ ಜೀರ್ಣಶಕ್ತಿ, ಉಸಿರಾಟ, ಬೆಳವಣಿಗೆ ಎಲ್ಲವೂ ಒಂದು ಮೇರೆಯವರೆಗೆ ಚುರುಕಾಗುತ್ತವೆ. ಆ ಮೇರೆಯನ್ನು ದಾಟಿದರೆ ತಿಂದದ್ದೆಲ್ಲವೂ ಜೀವ ಹಿಡಿದುಕೊಂಡಿರುವುದಕ್ಕೇ ವೆಚ್ಚವಾಗಿ ಬೆಳವಣಿಗೆ ಕುಗ್ಗುತ್ತದೆ. ಕಳೆದ ನೂರು ವರ್ಷಗಳಲ್ಲಿ ಸಮುದ್ರಗಳ ಮೇಲ್ನೀರಿನ ಬಿಸಿ ಏರಿರುವುದು ಸಿದ್ಧವಾದ ಸಂಗತಿ. ಹಾಗಾದರೆ ಮೀನಿನ ಬೆಳವಣಿಗೆಯೂ ಬದಲಾಗಿರಬೇಕಲ್ಲವೆ? ಬದಲಾಗಿದ್ದರೆ ಎಷ್ಟು? ಅದಕ್ಕೆ ಕಾರಣವು ಕಡಲಿನ ಹವೆಯೋ, ಬಲೆಯ ಹಾವಳಿಯೋ, ಅಥವಾ ಮೀನುಗಳು ತಾವೇ ಕಿಕ್ಕಿರಿದು ಒಂದರ ಆಹಾರವನ್ನು ಇನ್ನೊಂದು ಕಸಿದುಕೊಂಡದ್ದೋ? ಬಲೆಯದಲ್ಲದ ತಪ್ಪನ್ನು ಬಲೆಯ ಮೇಲೆ ಹೊರಿಸಿದರೆ ಸಾವಿರಾರು ದೋಣಿಗಳು ವೃಥಾ ದಡ ಹಿಡಿಯುತ್ತವೆ. ಬಲೆಯ ತಪ್ಪನ್ನು ಕಡಲಿನ ಮೇಲೆ ಹಾಕಿದರೆ ಮೀನಿನ ಸಂತತಿಯೇ ಸವೆದುಹೋಗಿ, ಆಮೇಲೆ ದೋಣಿಗಳು ದಡ ಬಿಟ್ಟರೂ ಬರಿಗೈಯಲ್ಲಿ ಮರಳುತ್ತವೆ. ಇದನ್ನು ತೀರ್ಮಾನಿಸುವುದಕ್ಕೆ ಕಡಲಿನ ಮೀನನ್ನೆಲ್ಲ ಅಳೆಯಲಾಗದು. ಕೆಲವನ್ನು ಮಾತ್ರ ಮಾದರಿಯಾಗಿ ಎತ್ತಿ ಅಳೆಯಬೇಕು. ಎಲ್ಲೆಲ್ಲಿಂದ ಎತ್ತಬೇಕು, ಎಷ್ಟು ಎತ್ತಬೇಕು, ಎಷ್ಟು ಕಾಲ ಎತ್ತಬೇಕು ಎಂಬುದೇ ನಾನು ಇಂದು ಬಿಚ್ಚಲಿರುವ ಗಂಟು.

ಅನ್ನ ಬೆಂದಿತೇ ಎಂದು ನೋಡಲು ಒಂದು ಅಗುಳನ್ನು ಹಿಸುಕಿದರೆ ಸಾಕೆಂದು ನಮ್ಮ ತಾಯಂದಿರು ಹೇಳುತ್ತಾರೆ. ಮಾತು ನಿಜ, ಆದರೆ ಅದು ಒಂದು ಪಾತ್ರೆಯ ಮಟ್ಟಿಗೆ ನಿಜ. ಈ ಹೊತ್ತು ದಾಸೋಹದ ಅಡಿಗೆಮನೆಯಲ್ಲಿ ಇಪ್ಪತ್ತು ಕೊಪ್ಪರಿಗೆಗಳಲ್ಲಿ ಅಕ್ಕಿ ಬೇಯುತ್ತಿದೆ ಎಂದಿಟ್ಟುಕೊಳ್ಳೋಣ. ಸೌದೆ ಮಳೆಯಲ್ಲಿ ನೆನೆದಿದೆ, ಅದರಿಂದ ಅಡಿಗೆಯೆಲ್ಲವೂ ತಡವಾಗುತ್ತಿದೆ ಎಂದು ಒಬ್ಬರು ದೂರಿದರು. ನಾವು ಹೋಗಿ ಬಾಗಿಲ ಬಳಿಯ ಮೊದಲನೆಯ ಕೊಪ್ಪರಿಗೆಯಿಂದ ಒಂದಲ್ಲ, ನಾನೂರು ಅಗುಳುಗಳನ್ನು ತೆಗೆದು ಹಿಸುಕಿದೆವು. ಎಲ್ಲವೂ ಗಟ್ಟಿ. ಇದರಿಂದ ತಿಳಿದದ್ದೇನು? ಆ ಕೊಪ್ಪರಿಗೆಯ ಅನ್ನ ಬೆಂದಿಲ್ಲವೆಂಬುದು ನಿಸ್ಸಂಶಯವಾಗಿ ತಿಳಿಯಿತು. ಆದರೆ ಕಾರಣವು ಸೌದೆಯೋ, ಆ ಒಂದು ಒಲೆಗೆ ಗಾಳಿಯಾಡದಿರುವುದೋ, ಅದಕ್ಕೆ ನೀರು ಹೊಯ್ದವನ ಕೈಗುಣವೋ ತಿಳಿಯಲಿಲ್ಲ. ಸೌದೆಯ ದೋಷವು ಎಲ್ಲ ಒಲೆಗಳಿಗೂ ಸಮಾನ. ಒಲೆಯ ದೋಷವು ಆ ಒಲೆಗೆ ಮಾತ್ರ. ಇಪ್ಪತ್ತು ಕೊಪ್ಪರಿಗೆಗಳಿಂದ ಇಪ್ಪತ್ತಿಪ್ಪತ್ತು ಅಗುಳು ತೆಗೆದಿದ್ದರೆ ಅಷ್ಟೇ ಶ್ರಮದಲ್ಲಿ ಸತ್ಯವು ಹೊರಬೀಳುತ್ತಿತ್ತು. ಒಂದೇ ಕೊಪ್ಪರಿಗೆಯ ನಾನೂರು ಅಗುಳುಗಳು ನಾನೂರು ಸಾಕ್ಷಿಗಳಲ್ಲ. ಒಬ್ಬನೇ ಸಾಕ್ಷಿ ನಾನೂರು ಸಲ ಅದೇ ಮಾತನ್ನು ನುಡಿದಂತೆ.

ನಾನು ಈ ತಪ್ಪನ್ನು ಸ್ವತಃ ಮಾಡಿದವನು. ವಿದ್ಯಾರ್ಥಿದೆಸೆಯಲ್ಲಿ ನಮ್ಮ ಕರಾವಳಿಯ ಒಂದು ಬಂದರಿನಲ್ಲಿ ಒಂದು ಹಂಗಾಮು ಕುಳಿತು ನಾನೂರು ಬೂತಾಯಿ ಮೀನುಗಳನ್ನು ಅಳೆದೆನು. ಅದೇ ಬಂದರಿನಲ್ಲಿ ಹಿಂದಿನವರು ಅಳೆದ ಲೆಕ್ಕವೂ ನನ್ನ ಕೈಗೆ ದೊರೆತಿತ್ತು. ನನ್ನ ಮೀನುಗಳು ಅವಕ್ಕಿಂತ ಗಿಡ್ಡವಾಗಿದ್ದವು. ಕಡಲು ಕಾದು ಮೀನು ಕುಗ್ಗಿದೆಯೆಂದು, ದಶಾಂಶದ ಮೂರು ಸ್ಥಾನಗಳವರೆಗೆ ಅಂಕಿ ಕೊಟ್ಟು, ಬಹಳ ಠೀವಿಯಿಂದ ಬರೆದಿಟ್ಟೆನು. ಬಂದರಿನ ಕಟ್ಟೆಯ ಮೇಲೆ ಕುಳಿತು ಹರಿದ ಬಲೆಯನ್ನು ಹೆಣೆಯುತ್ತಿದ್ದ ಒಬ್ಬ ಮುದುಕನಿಗೆ ಅದನ್ನು ಓದಿ ಹೇಳಿದೆನು. ಆತನು ಕೈಯ ಕೆಲಸವನ್ನು ನಿಲ್ಲಿಸದೆಯೇ ಕೇಳಿದನು: “ಮಾಸ್ತರರೇ, ನೀವು ಅಳೆದದ್ದು ಮೀನನ್ನೋ, ಬಲೆಯ ಕಣ್ಣನ್ನೋ?”

ಅವನ ಪ್ರಶ್ನೆಯ ಅರ್ಥವಾಗಲು ನನಗೆ ಕೆಲವು ದಿನ ಹಿಡಿಯಿತು. ಹಿಂದಿನವರು ಅಳೆದದ್ದು ರಂಪಣಿಯ ಮೀನು. ರಂಪಣಿಯೆಂದರೆ ಊರಿಗೆ ಊರೇ ಕೂಡಿ ದಡದಿಂದ ಎಳೆಯುತ್ತಿದ್ದ ಮಹಾಬಲೆ. ದಡಕ್ಕೆ ತಾವಾಗಿ ಬಂದ ಮೀನಿನ ಹಿಂಡುಗಳು ಅದಕ್ಕೆ ಸಿಕ್ಕುತ್ತಿದ್ದವು. ೧೯೭೦ರ ದಶಕದ ನಡುವಿನಿಂದ ಯಂತ್ರದ ದೋಣಿಗಳ ಪರ್ಸೀನ್ ಬಲೆಯು ಹಬ್ಬಿ, ಮೀನನ್ನು ದಡಕ್ಕೆ ಬರುವ ಮುಂಚೆಯೇ ಕಡಲಿನಲ್ಲಿ ಸುತ್ತುವರಿದು ಹಿಡಿಯತೊಡಗಿತು. ರಂಪಣಿಯು ಬಹುಮಟ್ಟಿಗೆ ಮರೆಯಾಯಿತು. ನಾನು ಅಳೆದದ್ದು ಪರ್ಸೀನಿನ ಮೀನು. ಬಲೆ ಬೇರೆ, ನೀರಿನ ಆಳ ಬೇರೆ, ತಿಂಗಳು ಬೇರೆ. ಅದೂ ಅಲ್ಲದೆ ಗಿಡ್ಡ ಮೀನೆಂದರೆ ಬೆಳೆಯದ ಮೀನೋ, ಇನ್ನೂ ಎಳೆಯ ಮೀನೋ ಎಂಬುದನ್ನು ನಾನು ವಿಚಾರಿಸಿಯೇ ಇರಲಿಲ್ಲ. ನನ್ನ ಬರಹವು ಎಲ್ಲಿಯೂ ಅಚ್ಚಾಗದೆ ಉಳಿದದ್ದು ನನ್ನ ಪುಣ್ಯ. ಅಚ್ಚಾಗಿದ್ದರೆ ಆ ಮುದುಕನ ಮಕ್ಕಳು ಅದರ ಫಲವನ್ನು ಉಣ್ಣಬೇಕಾಗಿತ್ತು.

ಇನ್ನು ಕೊಂಚ ಗಣಿತವನ್ನು ಹೇಳಬೇಕು. ವಿದ್ಯಾರ್ಥಿಗಳು ಬರೆದುಕೊಳ್ಳಬಹುದು, ಉಳಿದವರು ಬೇಸರಿಸಬಾರದು. ಒಂದೇ ಜಾತಿಯ ಮೀನು ಅನೇಕ ಸರೋವರಗಳಲ್ಲಿ ಇದೆಯೆಂದೂ, ಅದು ವರ್ಷವೊಂದಕ್ಕೆ ಎಷ್ಟು ಬೆಳೆಯಿತೆಂಬುದನ್ನು ಅಳೆಯುತ್ತೇವೆಂದೂ ಭಾವಿಸಿರಿ. ಈ ಬೆಳವಣಿಗೆಯು ಮೂರು ಕಾರಣಗಳಿಂದ ಹೆಚ್ಚುಕಡಿಮೆಯಾಗುತ್ತದೆ. ಮೀನಿನಿಂದ ಮೀನಿಗೆ ಸುಮಾರು ೪ ಮಿಲಿಮೀಟರಿನ ವ್ಯತ್ಯಾಸ. ಆ ವರ್ಷ ಆಯಾ ಸರೋವರಕ್ಕೆ ಮಾತ್ರ ಒದಗಿದ ಸಂಗತಿಗಳಿಂದ ೩ ಮಿಲಿಮೀಟರಿನ ವ್ಯತ್ಯಾಸ. ಆ ವರ್ಷದ ಹವೆಯಿಂದ ಎಲ್ಲ ಸರೋವರಗಳಿಗೂ ಒಟ್ಟಾಗಿ ೨ ಮಿಲಿಮೀಟರಿನ ವ್ಯತ್ಯಾಸ. ಈ ಅಂಕಿಗಳು ಉದಾಹರಣೆಗಾಗಿ ನಾನು ಕಲ್ಪಿಸಿದವು. ನಮಗೆ ಬೇಕಾದದ್ದು ಮೂರನೆಯದು. ಮೊದಲ ಎರಡೂ ನಮ್ಮ ಕಣ್ಣಿಗೆ ಕವಿದ ಮಂಜು. ೪೦೦ ಮೀನುಗಳನ್ನು ಅಳೆಯಲು ಮಾತ್ರ ಹಣವಿದೆ. ಎಲ್ಲವನ್ನೂ ಒಂದೇ ಸರೋವರದಿಂದ ಎತ್ತಿದರೆ ಮಂಜಿನ ದಪ್ಪ ಸುಮಾರು ೩ ಮಿಲಿಮೀಟರ್. ಹುಡುಕುವ ವಸ್ತುವಿಗಿಂತ ಅದೇ ದೊಡ್ಡದು. ಅದೇ ಸರೋವರದಿಂದ ೪,೦೦೦ ಮೀನುಗಳನ್ನು ಎತ್ತಿದರೂ ಅದು ೩ ಮಿಲಿಮೀಟರಾಗಿಯೇ ಉಳಿಯುತ್ತದೆ. ೨೦ ಸರೋವರಗಳಿಂದ ೨೦ರಂತೆ ಎತ್ತಿದರೆ ಅದು ೦.೭ಕ್ಕೆ ಇಳಿಯುತ್ತದೆ. ೪೦ ಸರೋವರಗಳಿಂದ ೧೦ರಂತೆ ಎತ್ತಿದರೆ ಸುಮಾರು ೦.೫. ಮೀನುಗಳ ಸಂಖ್ಯೆ ಮೂರು ಸಲವೂ ಅದೇ ೪೦೦!

ಹಾಗಾದರೆ ೪೦೦ ಸರೋವರಗಳಿಂದ ಒಂದೊಂದು ಮೀನನ್ನು ಎತ್ತೋಣವೆಂದು ಯಾರಾದರೂ ಹೇಳಬಹುದು. ಗಣಿತವು ಅದನ್ನು ಒಪ್ಪುತ್ತದೆ, ಖಜಾಂಚಿ ಒಪ್ಪುವುದಿಲ್ಲ. ಒಂದೊಂದು ಸರೋವರಕ್ಕೂ ಗಾಡಿ, ದೋಣಿ, ಆಳು, ಬಿಡಾರ ಬೇಕು. ಲೆಕ್ಕದ ದೋಷವನ್ನೂ ಕೆಲಸದ ಖರ್ಚನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ವಿಧಾನವನ್ನು ನಮ್ಮ ದೇಶದಲ್ಲಿ ಬೆಳೆಯಿಸಿದವರು ಪ್ರಶಾಂತಚಂದ್ರ ಮಹಲನೋಬಿಸರು. ೧೯೩೭ರಿಂದ ಬಂಗಾಲದ ಸೆಣಬಿನ ಬೆಳೆಯನ್ನು ಅಂದಾಜು ಮಾಡುವ ಕೆಲಸದಲ್ಲಿ ಅವರು ಎಷ್ಟು ಸ್ಥಳ, ಎಷ್ಟು ದೊಡ್ಡ ತುಂಡು ಎಂಬುದನ್ನು ಈ ರೀತಿಯಲ್ಲಿಯೇ ನಿರ್ಣಯಿಸಿದರು. ಸೆಣಬಿಗೆ ಸಲ್ಲುವ ಈ ನಿಯಮವು ಮೀನಿಗೂ ಸಲ್ಲುತ್ತದೆ.

ಸರೋವರಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಂದು ವರ್ಷದ ಹವೆಯು ಎಷ್ಟು ಮೀನುಗಳ ಮೇಲೆ ಬಿದ್ದರೂ ಒಂದೇ ವರ್ಷದ ಹವೆ. ಬೆಳವಣಿಗೆಯು ವರ್ಷಕ್ಕೆ ೦.೧ ಮಿಲಿಮೀಟರಿನಂತೆ ನಿಧಾನವಾಗಿ ಕುಗ್ಗುತ್ತಿದೆಯೇ ಎಂದು ತಿಳಿಯಬೇಕಾಗಿದೆ ಎನ್ನಿರಿ. ಮೇಲಿನ ೨೦ ಸರೋವರಗಳ ಏರ್ಪಾಡಿನಲ್ಲಿ ೧೦ ವರ್ಷ ಅಳೆದರೆ ನಮ್ಮ ಅಂದಾಜಿನ ದೋಷವು ೦.೨೩, ಹುಡುಕುವುದಕ್ಕಿಂತ ದೋಷವೇ ಎರಡರಷ್ಟು. ೨೦ ವರ್ಷ ಅಳೆದರೆ ೦.೦೮. ೩೦ ವರ್ಷ ಅಳೆದರೆ ೦.೦೪೫, ಆಗ ಮಾತ್ರ ನಂಬಿಕೆಯಿಂದ ಒಂದು ಮಾತು ಹೇಳಬಹುದು. ಇದಕ್ಕೆ ಬದಲಾಗಿ ೧೦ ವರ್ಷಗಳಲ್ಲಿಯೇ ದೇಶದ ಸರೋವರಗಳನ್ನೆಲ್ಲ ಜಾಲಾಡಿದರೂ ದೋಷವು ೦.೨೨ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಹಣದಿಂದ ಸರೋವರಗಳನ್ನು ಕೊಳ್ಳಬಹುದು, ವರ್ಷಗಳನ್ನು ಕೊಳ್ಳಲಾಗದು.

ಮೂವತ್ತು ವರ್ಷ ಕಾಯುವ ಪಂಡಿತನಾರು, ಅವನಿಗೆ ಸಂಬಳ ಕೊಡುವ ದೊರೆಯಾರು? ಇಲ್ಲಿ ಮೀನೇ ನಮಗೆ ಸಹಾಯಕ್ಕೆ ಬರುತ್ತದೆ. ರೈತನು ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುತ್ತಾನಷ್ಟೆ. ಮೀನಿನ ಹುರುಪೆಯಲ್ಲಿಯೂ, ತಲೆಯೊಳಗಿನ ಕಿವಿಗಲ್ಲಿನಲ್ಲಿಯೂ ಮರದ ಕಾಂಡದಲ್ಲಿರುವಂತೆ ವರ್ಷಕ್ಕೊಂದು ಬಳೆ ಮೂಡುತ್ತದೆ. ಕಿವಿಗಲ್ಲೆಂದರೆ ಸುಣ್ಣದಂಶದ ಒಂದು ಸಣ್ಣ ಹರಳು. ಮೀನು ಅದರಿಂದ ಸಮತೋಲವನ್ನೂ ಶಬ್ದವನ್ನೂ ಅರಿಯುತ್ತದೆ. ಜರ್ಮನಿಯಲ್ಲಿ ೧೮೯೮ರಲ್ಲಿ ಹಾಫ್‌ಬಾವರ್ ಎಂಬವನು ಕಾರ್ಪ್ ಮೀನಿನ ಹುರುಪೆಯಿಂದಲೂ, ಮರುವರ್ಷ ರೈಬಿಶ್ ಎಂಬವನು ಪ್ಲೇಸ್ ಮೀನಿನ ಕಿವಿಗಲ್ಲಿನಿಂದಲೂ ವಯಸ್ಸನ್ನು ಓದಿದರು. ನಾರ್ವೆಯ ಐನಾರ್ ಲೇ ಎಂಬ ವಿದ್ವಾಂಸನು ಹೆರಿಂಗ್ ಮೀನಿನ ಹುರುಪೆಯ ಬಳೆಗಳ ಅಂತರದಿಂದ ಆ ಮೀನು ಹಿಂದಿನ ಒಂದೊಂದು ವರ್ಷದಲ್ಲಿಯೂ ಎಷ್ಟು ಉದ್ದವಾಗಿತ್ತೆಂಬುದನ್ನು ಲೆಕ್ಕಹಾಕಿದನು. ಹೀಗೆ ಮೂವತ್ತು ವರ್ಷದ ಒಂದು ಮೀನು ಮೂವತ್ತು ವರ್ಷಗಳ ದಿನಚರಿಯನ್ನು ತನ್ನ ತಲೆಯಲ್ಲಿಯೇ ಹೊತ್ತು ತಿರುಗುತ್ತದೆ.

ಆದರೆ ಆ ದಿನಚರಿಯನ್ನು ಓದುವವನಿಗೆ ಎರಡು ಕಂದಕಗಳಿವೆ. ಮೊದಲನೆಯದು ವಯಸ್ಸಿನದು. ಎಳೆಯ ಮೀನು ಬೇಗ ಬೆಳೆಯುತ್ತದೆ, ಮುದಿ ಮೀನು ಮೆಲ್ಲಗೆ. ಒಂದೇ ಮೀನನ್ನು ನೋಡಿದರೆ ವರ್ಷಗಳು ಕಳೆದಂತೆ ಬಳೆಗಳು ಕಿರಿದಾಗುತ್ತ ಹೋಗುತ್ತವೆ. ಅದು ಹವೆಯಿಂದಲ್ಲ, ವಯಸ್ಸಿನಿಂದ. ಆದುದರಿಂದ ಒಂದೇ ವರ್ಷದಲ್ಲಿ ಮೂರು ವರ್ಷದ್ದಾಗಿದ್ದ ಮೀನೂ ಹತ್ತು ವರ್ಷದ್ದಾಗಿದ್ದ ಮೀನೂ ಮಾದರಿಯಲ್ಲಿ ಇರತಕ್ಕದ್ದು. ಎಲ್ಲ ವಯಸ್ಸಿನವುಗಳಲ್ಲಿಯೂ ಆ ವರ್ಷದ ಬಳೆಯು ತಮ್ಮ ವಯಸ್ಸಿಗೆ ಸಹಜವಾದುದಕ್ಕಿಂತ ಅಗಲವಾಗಿದ್ದರೆ ಮಾತ್ರ ಆ ವರ್ಷವು ಒಳ್ಳೆಯ ವರ್ಷವಾಗಿತ್ತೆನ್ನಬಹುದು. ವಯಸ್ಸಿನ ಪಾಲನ್ನೂ ವರ್ಷದ ಪಾಲನ್ನೂ ಬಿಡಿಸುವ ಗಣಿತವಿಧಾನವೊಂದನ್ನು ಅಮೆರಿಕೆಯ ಮಿನೆಸೋಟಾ ವಿಶ್ವವಿದ್ಯಾಲಯದ ಸ್ಯಾನ್‌ಫರ್ಡ್ ವೈಸ್‌ಬರ್ಗ್ ೧೯೯೩ರಲ್ಲಿ ಪ್ರಕಟಿಸಿದರು. ಮಾದರಿಯಲ್ಲಿ ವಯಸ್ಸೂ ವರ್ಷವೂ ಒಂದಕ್ಕೊಂದು ಹೆಣೆದುಕೊಂಡಿರದಿದ್ದರೆ ಆ ಗಣಿತಕ್ಕೂ ಕೈಸಾಗದು.

ಎರಡನೆಯ ಕಂದಕವನ್ನು ಮೊದಲು ಕಂಡು ವಿವರಿಸಿದವರು ಇಂಗ್ಲೆಂಡಿನ ರೋಸಾ ಲೀ ಎಂಬ ಗಣಿತವಿದುಷಿ, ೧೯೧೨ರಲ್ಲಿ. ಅದಕ್ಕೆ ಇಂದಿಗೂ ಅವರ ಹೆಸರೇ ಇದೆ. ಬೇಗ ಬೆಳೆದ ಮೀನು ಬೇಗ ಬಲೆಗೆ ಬೀಳುತ್ತದೆ. ಮೆಲ್ಲಗೆ ಬೆಳೆದದ್ದು ಬಲೆಯ ಕಣ್ಣಿನಿಂದ ನುಸುಳಿ ಬಹುಕಾಲ ಬಾಳುತ್ತದೆ. ಆದುದರಿಂದ ಇಂದು ನಮ್ಮ ಕೈಗೆ ಸಿಗುವ ಮುದಿ ಮೀನುಗಳಲ್ಲಿ ಹುಟ್ಟಿನಿಂದಲೇ ಮಂದವಾಗಿ ಬೆಳೆದವುಗಳೇ ಹೆಚ್ಚು. ಅವುಗಳ ಬಾಲ್ಯದ ಬಳೆಗಳನ್ನು ಓದಿ ‘ಹಿಂದಿನ ಕಾಲದಲ್ಲಿ ಮೀನು ಮೆಲ್ಲಗೆ ಬೆಳೆಯುತ್ತಿತ್ತು, ಈಗ ಬೇಗ ಬೆಳೆಯುತ್ತದೆ’ ಎಂದು ತೀರ್ಮಾನಿಸಿದರೆ, ಏನೂ ಬದಲಾಗದ ಕಡಲಿನಲ್ಲಿಯೂ ಬದಲಾವಣೆಯನ್ನು ಕಂಡಂತಾಗುತ್ತದೆ. ಒಂದೇ ದಿನ ಒಂದೇ ಹಿಡಿತದಿಂದ ಎತ್ತಿದ ಮಾದರಿಗೆ ಈ ರೋಗ ಅಂಟಿಯೇ ಇರುತ್ತದೆ. ಇದಕ್ಕೆ ಔಷಧವೆಂದರೆ, ಬೇರೆ ಬೇರೆ ದಶಕಗಳಲ್ಲಿ ಹಿಡಿದು ಕಪಾಟುಗಳಲ್ಲಿ ಕಾಪಿಟ್ಟ ಕಿವಿಗಲ್ಲುಗಳನ್ನು ಇಂದಿನವುಗಳ ಜೊತೆಗೆ ಸೇರಿಸಿ ಓದುವುದು.

ಇಂತಹ ಕಾಪಿನಿಂದ ಏನು ಸಾಧ್ಯವಾಯಿತೆಂಬುದಕ್ಕೆ ಆಸ್ಟ್ರೇಲಿಯದ ಒಂದು ಉದಾಹರಣೆಯನ್ನು ಹೇಳುತ್ತೇನೆ. ಈ ಶಾಸ್ತ್ರದಲ್ಲಿ ನನಗೆ ಅತ್ಯಂತ ಮೆಚ್ಚಾದದ್ದು ಇದು. ರಾನ್ ಥ್ರೆಶರ್ ಮತ್ತು ಅವರ ಸಂಗಡಿಗರು ೨೦೦೭ರಲ್ಲಿ ನೈಋತ್ಯ ಪೆಸಿಫಿಕ್ ಸಾಗರದ ಎಂಟು ಜಾತಿಯ ದೀರ್ಘಾಯು ಮೀನುಗಳನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದರು. ಅಳೆದದ್ದು ೫೫೫ ಮೀನುಗಳು ಮಾತ್ರ. ಅವುಗಳ ವಯಸ್ಸು ೨ರಿಂದ ೧೨೮ ವರ್ಷ. ಅತ್ಯಂತ ಹಳೆಯದು ಹುಟ್ಟಿದ್ದು ೧೮೬೧ರಲ್ಲಿ! ನಾನು ಅಳೆದ ನಾನೂರಕ್ಕೂ ಈ ಐನೂರ ಐವತ್ತೈದಕ್ಕೂ ಎಣಿಕೆಯಲ್ಲಿ ಅಷ್ಟೇನೂ ಅಂತರವಿಲ್ಲ; ಆರಿಸಿದ ರೀತಿಯಲ್ಲಿ ಆಕಾಶಕ್ಕೂ ಭೂಮಿಗೂ ಇರುವ ಅಂತರ. ಅವರು ಮೀನುಗಳನ್ನು ನೀರಿನ ಆಳವನ್ನು ನೋಡಿ ಆರಿಸಿದರು. ಟಾಸ್ಮೇನಿಯದ ಸುತ್ತಲಿನ ಕಡಲಿನಲ್ಲಿ ಮೇಲ್ನೀರು ಬಿಸಿಯೇರುತ್ತ ಬಂದಿದೆ. ಆದರೆ ಸಾವಿರ ಮೀಟರ್ ಆಳದ ನೀರು ತಣ್ಣಗಾಗುತ್ತ ಬಂದಿರುವುದಕ್ಕೆ ಅಲ್ಲಿನ ಹವಳಗಳೇ ಸಾಕ್ಷಿ. ಹೀಗಿರಲು ಬೆಳವಣಿಗೆಯ ಬದಲಾವಣೆಗೆ ಕಾರಣ ನೀರಿನ ಬಿಸಿಯೇ ಆಗಿದ್ದರೆ ಮೇಲಿನ ಮೀನೂ ಆಳದ ಮೀನೂ ಪರಸ್ಪರ ವಿರುದ್ಧವಾಗಿ ನಡೆಯಬೇಕು. ನಡೆದದ್ದೂ ಹಾಗೆಯೇ. ೨೫೦ ಮೀಟರಿಗಿಂತ ಮೇಲಿನ ಮೀನುಗಳ ಬೆಳವಣಿಗೆ ಹೆಚ್ಚಿತ್ತು. ೧,೦೦೦ ಮೀಟರಿಗಿಂತ ಆಳದವುಗಳದು ಕುಗ್ಗಿತ್ತು. ನಡುವಿನವುಗಳಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ. ಬಲೆಯೊಂದೇ ಕಾರಣವೆನ್ನುವವನು ಈ ವಿರುದ್ಧಗತಿಯನ್ನು ಹೇಗೆ ವಿವರಿಸಿಯಾನು?

ಅದೇ ಕಡಲಿನ ಬ್ಯಾಂಡೆಡ್ ಮಾರ್ವಾಂಗ್ ಎಂಬ ಮೀನಿನ ಮೇಲೆ ೨೦೧೧ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಇದಕ್ಕೆ ಪೂರಕವಾಗಿದೆ. ಟಾಸ್ಮೇನಿಯದ ತಂಪು ನೀರಿನಲ್ಲಿ ಬಿಸಿಯೇರಿದಂತೆ ಅದರ ಬೆಳವಣಿಗೆ ಹೆಚ್ಚಿತು. ನ್ಯೂಜಿಲೆಂಡಿನ ಉತ್ತರದ ಬೆಚ್ಚನೆಯ ಅಂಚಿನಲ್ಲಿ ಕುಗ್ಗಿತು. ನಾನು ಮೊದಲಲ್ಲಿ ಹೇಳಿದ ಆ ಮೇರೆಯನ್ನು ಮೀನು ಅಲ್ಲಿ ದಾಟಿತ್ತು. ಈ ಅಧ್ಯಯನವನ್ನು ತಂಪಿನ ಭಾಗದಲ್ಲಿ ಮಾತ್ರ ನಡೆಸಿದ್ದರೆ ‘ಬಿಸಿಯಿಂದ ಮೀನಿಗೆ ಹಿತ’ ಎಂಬ ಅರ್ಧಸತ್ಯವು ಶಾಸ್ತ್ರವಾಗಿ ನಿಲ್ಲುತ್ತಿತ್ತು. ಉತ್ತರ ಸಮುದ್ರದಲ್ಲಿಯೂ ೨೦೧೪ರಲ್ಲಿ ಪ್ರಕಟವಾದ ಲೆಕ್ಕದಂತೆ ೩೮ ವರ್ಷಗಳ ಅವಧಿಯಲ್ಲಿ ಎಂಟು ಜಾತಿಗಳಲ್ಲಿ ಆರು ಒಟ್ಟೊಟ್ಟಿಗೆ ಗಾತ್ರದಲ್ಲಿ ಕುಗ್ಗಿದವು; ಅದೇ ಕಾಲದಲ್ಲಿ ನೀರಿನ ಬಿಸಿಯು ಒಂದೆರಡು ಡಿಗ್ರಿ ಏರಿತ್ತು. ಬೇರೆ ಬೇರೆ ಜಾತಿಗಳು ಜೊತೆಯಾಗಿ ಕುಗ್ಗುವುದು ಸೌದೆಯ ದೋಷಕ್ಕೆ ಹೋಲುತ್ತದೆ, ಒಲೆಯ ದೋಷಕ್ಕಲ್ಲ.

ಈಗ ನಮ್ಮ ಬೂತಾಯಿಗೆ ಬರೋಣ. ಈ ಮೀನು ಎರಡು ಮೂರು ವರ್ಷಗಳಿಗಿಂತ ಹೆಚ್ಚು ಬಾಳುವುದಿಲ್ಲ. ಶತಮಾನದ ದಿನಚರಿ ಅದರ ತಲೆಯಲ್ಲಿಲ್ಲ. ಅದರ ಬಾಳು ಮುಂಗಾರಿಗೆ ಕಟ್ಟುಬಿದ್ದದ್ದು. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಆಳದ ತಂಪು ನೀರು ಸಾರವನ್ನು ಹೊತ್ತು ಮೇಲೆ ಬಂದಾಗ ಸೂಕ್ಷ್ಮಸಸ್ಯಗಳು ಹುಲುಸಾಗಿ, ಮೀನು ಮೇದು ಕೊಬ್ಬುತ್ತದೆ. ಕೇರಳದಲ್ಲಿ ೨೦೧೨ರಲ್ಲಿ ಸುಮಾರು ೪ ಲಕ್ಷ ಟನ್ನು ದೊರೆತ ಈ ಮೀನು ೨೦೨೧ರಲ್ಲಿ ಸುಮಾರು ೩,೫೦೦ ಟನ್ನಿಗೆ ಇಳಿಯಿತು. ೨೦೨೪ರ ಕೊನೆಗೆ ಮತ್ತೆ ಹಿಂಡುಹಿಂಡಾಗಿ ಬಂದಿತು. ಆದರೆ ಬಂದ ಮೀನು ಗಿಡ್ಡ. ಮರಿಗಳು ಮಿತಿಮೀರಿ ಬದುಕುಳಿದು ಆಹಾರಕ್ಕೆ ಪೈಪೋಟಿಯಾದದ್ದೇ ಕಾರಣವೆಂದು ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನ ಸಂಸ್ಥೆಯವರು ಅಭಿಪ್ರಾಯಪಟ್ಟರು. ನೋಡಿರಿ, ಒಳ್ಳೆಯ ಮಳ��ಗಾಲವೇ ಮೀನನ್ನು ಹೆಚ್ಚಿಸಿ, ಹೆಚ್ಚಿದ ಮೀನೇ ಒಂದೊಂದನ್ನೂ ಗಿಡ್ಡವಾಗಿಸುವುದೂ ಉಂಟು. ಉದ್ದವನ್ನು ಮಾತ್ರ ಅಳೆದು ಸಂಖ್ಯೆಯನ್ನು ಎಣಿಸದವನು ಇಂತಹ ವರ್ಷವನ್ನು ಕೆಟ್ಟ ಹವೆಯ ವರ್ಷವೆಂದು ಬರೆದಿಡುತ್ತಾನೆ.

ಹಾಗಾದರೆ ಈ ಮೀನಿಗೆ ತಕ್ಕ ಏರ್ಪಾಡು ಯಾವುದು? ನನ್ನ ಅಭಿಪ್ರಾಯವನ್ನು ಹೇಳುತ್ತೇನೆ. ಒಂದು ಬಂದರಿನಲ್ಲಿ ಸಾವಿರ ಮೀನು ಬೇಡ. ರತ್ನಾಗಿರಿಯಿಂದ ಕೊಲ್ಲಂವರೆಗೆ, ಕಾರವಾರ, ಮಲ್ಪೆ, ಮಂಗಳೂರುಗಳನ್ನು ಒಳಗೊಂಡು, ಅನೇಕ ಬಂದರುಗಳಲ್ಲಿ ತಿಂಗಳಿಗೆ ಕೆಲವೇ ಮೀನುಗಳು ಸಾಕು. ಆದರೆ ತಿಂಗಳು ತಪ್ಪಬಾರದು, ವರ್ಷ ತಪ್ಪಬಾರದು, ಮೀನು ಕಡಿಮೆಯಾದ ವರ್ಷವಂತೂ ತಪ್ಪಲೇಬಾರದು. ಆಳದ ನೀರು ಮೇಲೇರುವುದು ದಕ್ಷಿಣದಲ್ಲಿ ಬಲವಾಗಿಯೂ ಉತ್ತರಕ್ಕೆ ಹೋದಂತೆ ದುರ್ಬಲವಾಗಿಯೂ ಇರುವುದರಿಂದ, ಟಾಸ್ಮೇನಿಯದವರಿಗೆ ಆಳವು ಒದಗಿಸಿದ ಹೋಲಿಕೆಯನ್ನು ನಮಗೆ ಕರಾವಳಿಯ ಉದ್ದವೇ ಒದಗಿಸುತ್ತದೆ. ಬಲೆ ಯಾವುದು, ಅದರ ಕಣ್ಣಿನ ಅಳತೆ ಎಷ್ಟು, ಎಷ್ಟು ಆಳದಲ್ಲಿ ಬೀಸಿದ್ದು ಎಂಬುದನ್ನು ಮೀನಿನ ಉದ್ದದ ಪಕ್ಕದಲ್ಲಿಯೇ ಬರೆಯತಕ್ಕದ್ದು. ಆಯಾ ಕಾಲದಲ್ಲಿ ಒಟ್ಟು ಎಷ್ಟು ಮೀನು ಬಂದಿತೆಂಬ ಲೆಕ್ಕವನ್ನು ಮೇಲೆ ಹೇಳಿದ ಸಂಸ್ಥೆಯವರು ಸ್ಥಳಕಾಲಗಳನ್ನು ವಿಂಗಡಿಸಿ ಮಾದರಿ ಎತ್ತುವ ಕ್ರಮದಿಂದ ಬಹುಕಾಲದಿಂದ ಇಟ್ಟುಕೊಂಡು ಬಂದಿದ್ದಾರೆ. ಬೆಳವಣಿಗೆಯ ಲೆಕ್ಕವನ್ನು ಅದರೊಡನೆ ಜೋಡಿಸಬೇಕು.

ಎಲ್ಲಕ್ಕೂ ಮಿಗಿಲಾಗಿ ಕಿವಿಗಲ್ಲನ್ನು ತೆಗೆದಿಡಬೇಕು. ಅದರಲ್ಲಿ ವರ್ಷದ ಬಳೆಯಷ್ಟೇ ಅಲ್ಲ, ದಿನಕ್ಕೊಂದು ಗೆರೆಯೂ ಮೂಡುತ್ತದೆಂದು ಪನ್ನೆಲ್ಲಾ ಎಂಬ ವಿಜ್ಞಾನಿಯು ೧೯೭೧ರಲ್ಲಿ ತೋರಿಸಿಕೊಟ್ಟನು. ಅಲ್ಪಾಯುವಾದ ಬೂತಾಯಿಯೂ ತಾನು ಹುಟ್ಟಿ ಎಷ್ಟು ದಿನವಾಯಿತು, ಯಾವ ವಾರದಲ್ಲಿ ಹೊಟ್ಟೆ ತುಂಬಿತು, ಯಾವ ವಾರದಲ್ಲಿ ಹಸಿಯಿತು ಎಂಬುದನ್ನು ಹೀಗೆ ಹೇಳಬಲ್ಲದು. ಗಿಡ್ಡ ಮೀನು ಎಳೆಯದೋ ಬೆಳೆಯದ್ದೋ ಎಂಬ ಪ್ರಶ್ನೆಗೆ ಬೇರೆ ಉತ್ತರವಿಲ್ಲ. ಒಂದು ಕಾಗದದ ಲಕೋಟೆ, ಅದರ ಮೇಲೆ ದಿನಾಂಕ, ಬಂದರು, ಬಲೆ, ಉದ್ದ, ತೂಕ. ಇಷ್ಟೇ ಅದರ ಖರ್ಚು. ಇಂದು ಅದನ್ನು ಓದಲು ಯಾರಿಗೂ ಬಿಡುವಿಲ್ಲದಿದ್ದರೂ ಮೂವತ್ತು ವರ್ಷಗಳ ಮೇಲೆ ಓದುವವನು ಬಂದಾನು.

ನನ್ನ ಆ ನಾನೂರು ಮೀನುಗಳ ಉದ್ದದ ಪಟ್ಟಿಯು ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಅವುಗಳ ವಯಸ್ಸೆಷ್ಟೆಂದು ಇಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಒಂದೊಂದನ್ನೂ ಅಳೆದಾದ ಮೇಲೆ, ತಲೆಯೊಳಗಿನ ಕಲ್ಲನ್ನು ತೆಗೆಯದೆಯೇ, ಹರಾಜಿನ ಬುಟ್ಟಿಗೆ ಹಾಕಿಬಿಟ್ಟಿದ್ದೆನು.